"ಆಗಲ್ಲ" ಅನ್ನುವವರ ಮಾತು ಮೊದಲು ಕೇಳು

ಮೈಸೂರಿನಿಂದ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಫ್ರೀಮಾಂಟ್‌ಗೆ ಬಂದು ನಾಲ್ಕು ತಿಂಗಳಾಯಿತು, ಎಂಟು ಜನರ ಟೀಮಿಗೆ ಲೀಡ್ ಮಾಡಿದ್ದಾರೆ ಅಂತ ಬರೆದಿದ್ದೀಯ. ಇಬ್ಬರು ಏನು ಹೇಳಿದರೂ "ಆಗಲ್ಲ" ಅಂತಾರೆ. ಉಳಿದ ಆರು ಜನ ಎಲ್ಲದಕ್ಕೂ "ಆಯ್ತು" ಅಂದು ಕೊನೇ ದಿನ ಕೈ ಕೊಡುತ್ತಾರೆ. ಟೀಮಿನಲ್ಲಿ "ಕ್ಯಾನ್ ಡೂ", ಅಂದರೆ ಮಾಡಿಯೇ ತೀರುತ್ತೇವೆ ಅನ್ನುವ, ಮನಸ್ಸು ತರಬೇಕು ಅಂತ ಮ್ಯಾನೇಜರ್ ಹೇಳಿದ್ದಾರೆ, ಈ ಊರಲ್ಲಿ ಅದನ್ನೆಲ್ಲ ಹೇಗೆ ಮಾಡೋದು ಅಕ್ಕಾ ಅಂತ ಕೇಳಿದ್ದೀಯ. ಅಕ್ಕಾ ಅಂದಿದ್ದೀಯಲ್ಲ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ.

ಆ ಇಬ್ಬರ ಬಗ್ಗೆ ನನಗೆ ಚಿಂತೆಯಿಲ್ಲ. ಆರು ಜನರ ಬಗ್ಗೆ ಇದೆ.

ನಮ್ಮಲ್ಲಿ "ಆಯ್ತು" ಅಂದರೆ ಎಷ್ಟೋ ಸಲ "ನೀವು ಹೇಳಿದ್ದು ಕೇಳಿಸಿತು" ಅಂತಷ್ಟೇ ಅರ್ಥ. ದೊಡ್ಡವರ ಎದುರು ಇಲ್ಲ ಅನ್ನಬಾರದು ಅಂತ ಬೆಳೆದವರು ನಾವು. ಇಲ್ಲಿ ನೀನು "ಯೆಸ್" ಅಂದರೆ ಹೇಳಿದ ದಿನಕ್ಕೆ ಕೆಲಸ ಮುಗಿದಿರುತ್ತದೆ ಅಂತ ಲೆಕ್ಕ. ನಾವು ತಲೆ ಆಡಿಸುವ ರೀತಿಯೂ ಇಲ್ಲಿಯವರಿಗೆ ಅರ್ಥವಾಗುವುದಿಲ್ಲ, ಹೌದೋ ಅಲ್ಲವೋ ಅಂತ ಗೊಂದಲಕ್ಕೆ ಬೀಳುತ್ತಾರೆ. ಬಾಯಿಬಿಟ್ಟು ಹೇಳುವ ಅಭ್ಯಾಸ ಮಾಡಿಕೊ.

ಇನ್ನೊಂದು ವಿಷಯ ಇದೆ. ನಿನ್ನ ಟೀಮಿನಲ್ಲಿ ಎಚ್‌-1ಬಿ ವೀಸಾ ಮೇಲಿರುವವರು, ಅಂದರೆ ಕಂಪನಿಯ ಕೆಲಸದ ಮೇಲೇ ಇಲ್ಲಿ ಉಳಿದಿರುವವರು, ಎಷ್ಟು ಜನ? ಕೆಲಸ ಹೋದರೆ ಅವರಿಗೆ ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಬೇರೆ ಕೆಲಸ ಹುಡುಕಬೇಕು, ಬೇರೆ ವೀಸಾಗೆ ಅರ್ಜಿ ಹಾಕಬೇಕು, ಇಲ್ಲವೇ ಮನೆ ಖಾಲಿ ಮಾಡಿ, ಮಕ್ಕಳನ್ನು ಸ್ಕೂಲು ಬಿಡಿಸಿ ಹೊರಡಬೇಕು. ಹಾಗಿರುವಾಗ ಯಾರು ತಾನೇ "ಇದು ನನ್ನಿಂದ ಆಗ್ತಿಲ್ಲ" ಅಂತ ಬಾಯಿ ಬಿಡುತ್ತಾರೆ? ಸೋಮಾರಿತನ ಅಂತ ನಿನಗೆ ಕಾಣುವುದು ಬಹಳ ಸಲ ಭಯವೇ ಆಗಿರುತ್ತದೆ.

ಇದನ್ನು ನಾನು ತಡವಾಗಿ ಕಲಿತೆ. 2003ರಲ್ಲಿ, ಹಿಂದಿನ ಒಂದು ಕಂಪನಿಯಲ್ಲಿ, ಉಪಕರಣಗಳನ್ನು ಟೆಸ್ಟ್ ಮಾಡುವ ಟೀಮು ನನ್ನ ಕೈಗೆ ಬಂತು. "ನನ್ನ ಹತ್ತಿರ ಸಮಸ್ಯೆ ತರಬೇಡಿ, ಪರಿಹಾರ ತನ್ನಿ" ಅಂತ ಮೊದಲ ಮೀಟಿಂಗಿನಲ್ಲೇ ಹೇಳಿದೆ. ಆಗ ಎಲ್ಲ ಲೀಡ್‌ಗಳೂ ಹಾಗೇ ಮಾತಾಡುತ್ತಿದ್ದರು. ಒಂದು ಕನೆಕ್ಟರ್ ಸಡಿಲ ಇತ್ತು. ಅದು ಒಬ್ಬ ಹುಡುಗನಿಗೆ ಮೂರು ವಾರ ಮೊದಲೇ ಗೊತ್ತಿತ್ತು. ಪರಿಹಾರ ಗೊತ್ತಿರಲಿಲ್ಲ, ಅದಕ್ಕೆ ಸುಮ್ಮನಿದ್ದ. ಮಾಲು ಗಿರಾಕಿಗೆ ಹೋಗಿ ವಾಪಸ್ ಬಂತು. ಯಾಕೆ ಹೇಳಲಿಲ್ಲ ಅಂತ ಕೇಳಿದಾಗ ಆ ಹುಡುಗ ನನ್ನ ಮಾತನ್ನೇ ನನಗೆ ಹೇಳಿದ. ತಪ್ಪು ನನ್ನದು.

ಆ ದಿನಗಳಲ್ಲಿ ನಮ್ಮ ಬೀದಿಯಲ್ಲೊಬ್ಬರು ಹಿರಿಯರಿದ್ದರು. ನೀನು 880 ಹೆದ್ದಾರಿಯಲ್ಲಿ ಹೋಗುವಾಗ ಕಾಣುತ್ತದಲ್ಲ, ಟೆಸ್ಲಾ ಕಾರ್ಖಾನೆ, ಅದು ಟೆಸ್ಲಾದ್ದಾಗುವ ಮೊದಲು ಅಲ್ಲಿ ದುಡಿದವರು. ಅದು ಮೊದಲು ಜನರಲ್ ಮೋಟರ್ಸ್‌ನ ಕಾರ್ಖಾನೆ. ಐದರಲ್ಲಿ ಒಬ್ಬರು ಕೆಲಸಕ್ಕೇ ಬಾರದ ದಿನಗಳಿರುತ್ತಿದ್ದವಂತೆ. ಏನೇ ಆದರೂ ಕಾರು ಜೋಡಿಸುವ ಲೈನ್ ನಿಲ್ಲಿಸುವ ಹಾಗಿಲ್ಲ. ಕೆಟ್ಟ ಕಾರೂ ಮುಂದೆ ಹೋಗಬೇಕು, ಆಮೇಲೆ ರಿಪೇರಿ. 1982ರಲ್ಲಿ ಬಾಗಿಲು ಹಾಕಿದರು. 1984ರಲ್ಲಿ ಟೊಯೋಟಾ ಮತ್ತು ಜನರಲ್ ಮೋಟರ್ಸ್ ಜೊತೆಯಾಗಿ ನಮ್ಮಿ ಅನ್ನುವ ಹೆಸರಿನಲ್ಲಿ ಅದನ್ನೇ ಮತ್ತೆ ಶುರು ಮಾಡಿದವು. ತೆಗೆದುಕೊಂಡ ಕೆಲಸಗಾರರಲ್ಲಿ ಸುಮಾರು 85 ಪರ್ಸೆಂಟ್ ಹಳಬರೇ. ಯೂನಿಯನ್ನೂ ಅದೇ. ಸ್ವಲ್ಪ ಕಾಲದಲ್ಲೇ ಗೈರುಹಾಜರಿ 2 ಪರ್ಸೆಂಟಿಗೆ ಇಳಿಯಿತು, ಕಾರುಗಳ ಗುಣಮಟ್ಟ ಜಪಾನಿನ ಕಾರುಗಳಿಗೆ ಸಮ ಬಂತು.

ಆ ಕೆಲಸಗಾರರಿಗೆ ಯಾರೂ "ನಿಮ್ಮ ಮನೋಭಾವ ಬದಲಾಯಿಸಿಕೊಳ್ಳಿ" ಅಂತ ಭಾಷಣ ಮಾಡಲಿಲ್ಲ. ತಲೆಯ ಮೇಲೆ ಒಂದು ಹಗ್ಗ ಕಟ್ಟಿದರು. ಆಂಡಾನ್ ಹಗ್ಗ ಅಂತಾರೆ. ಯಾವ ಕೆಲಸಗಾರನಿಗೆ ತೊಡಕಾದರೂ ಎಳೆಯಬಹುದು. ಎಳೆದರೆ ಸಂಗೀತ ಕೇಳಿಸುತ್ತದೆ, ದೀಪ ಹತ್ತುತ್ತದೆ, ಟೀಮ್ ಲೀಡರ್ ಓಡಿ ಬರುತ್ತಾನೆ. ಬೇಗ ಸರಿಯಾಗದಿದ್ದರೆ ಲೈನೇ ನಿಲ್ಲುತ್ತದೆ. ನಮ್ಮ ಹಿರಿಯರು ತರಬೇತಿಗೆ ಜಪಾನಿಗೂ ಹೋಗಿ ಬಂದಿದ್ದರು. "ನಾನು ಹಗ್ಗ ಎಳೆದಾಗ ಮೊದಲ ಸಲ ಒಬ್ಬ ಬಾಸ್ ನನಗೆ ಬೈಯಲಿಲ್ಲ, ಏನು ಸಹಾಯ ಬೇಕು ಅಂತ ಕೇಳಿದ" ಅಂತ ಹೇಳುವಾಗ, ಅಷ್ಟು ವರ್ಷದ ಮೇಲೂ, ಅವರ ದನಿ ಬದಲಾಗುತ್ತಿತ್ತು.

ಹಗ್ಗದಷ್ಟೇ ಮುಖ್ಯವಾದ ಇನ್ನೊಂದನ್ನು ಜನ ಮರೆಯುತ್ತಾರೆ. ಕಷ್ಟ ಬಂದರೆ ಮೊದಲು ಮೇಲಿನವರ ಸಂಬಳ ಕಡಿಮೆ ಮಾಡುತ್ತೇವೆ, ಆಮೇಲಷ್ಟೇ ನಿಮ್ಮನ್ನು ಕೆಲಸದಿಂದ ತೆಗೆಯುವ ಮಾತು ಅಂತ ಯೂನಿಯನ್ ಜೊತೆ ಒಪ್ಪಂದ ಬರೆದುಕೊಟ್ಟಿದ್ದರು. ಎಂಬತ್ತರ ದಶಕದ ಕೊನೆಯಲ್ಲಿ ಮಾರಾಟ ಬಿದ್ದಾಗ ಯಾರನ್ನೂ ತೆಗೆಯಲಿಲ್ಲ, ಖಾಲಿ ಇದ್ದವರಿಗೆ ತರಬೇತಿ ಕೊಟ್ಟರು. ಆಮೇಲೆ ಜನ ಧೈರ್ಯವಾಗಿ ಹಗ್ಗ ಎಳೆದರೆ ಆಶ್ಚರ್ಯವೇನು? ಕೊನೆಗೆ 2010ರಲ್ಲಿ ಆ ಕಾರ್ಖಾನೆಯೂ ಮುಚ್ಚಿತು, ಜನರಲ್ ಮೋಟರ್ಸ್ ದಿವಾಳಿಯಾಗಿ ಪಾಲುದಾರಿಕೆ ಬಿಟ್ಟ ಮೇಲೆ. ಕೆಲಸಗಾರರ ತಪ್ಪಿನಿಂದಲ್ಲ.

ಕೆಲಸ ಉಳಿಸುತ್ತೇನೆ ಅಂತ ಮಾತು ಕೊಡುವ ಅಧಿಕಾರ ನಿನಗಿಲ್ಲ, ಗೊತ್ತು. ಆದರೆ ನಿನ್ನ ಕೈಯಲ್ಲಿರುವುದು ಕಡಿಮೆ ಏನಲ್ಲ. ಬೇಗ ಹೇಳಿದ ಕೆಟ್ಟ ಸುದ್ದಿಯನ್ನು ವರ್ಷದ ಕೊನೆಯ ರಿವ್ಯೂನಲ್ಲಿ ಯಾರ ವಿರುದ್ಧವೂ ಬರೆಯುವುದಿಲ್ಲ ಅಂತ ಟೀಮಿಗೆ ಹೇಳು, ಹಾಗೇ ನಡೆದುಕೊ. ಯಾರಾದರೂ ಸಿಕ್ಕಿಹಾಕಿಕೊಂಡಿದ್ದೇನೆ ಅಂದರೆ ಅವತ್ತೇ ಅವರ ಪಕ್ಕ ಹೋಗಿ ಕೂತುಕೊ. ಮೆಸೇಜಿನಲ್ಲಿ "ಓಕೆ, ನೋಡು" ಅಂದರೆ ಸಾಲದು. ಪ್ರತಿ ವಾರ ಒಬ್ಬೊಬ್ಬರ ಜೊತೆ ಅರ್ಧ ಗಂಟೆ ಕೂತು ಮಾತಾಡು, ಏನೇ ಬಂದರೂ ಅದನ್ನು ರದ್ದು ಮಾಡಬೇಡ. "ಆಗುತ್ತಾ?" ಅಂತ ಕೇಳಲೇಬೇಡ, ಆ ಪ್ರಶ್ನೆಗೆ ನಮ್ಮವರ ಉತ್ತರ ಯಾವಾಗಲೂ ಆಗುತ್ತೆ ಅಂತಲೇ. "ಇದರಲ್ಲಿ ಎಲ್ಲಿ ಎಡವಬಹುದು?" ಅಂತ ಕೇಳು.

ಇನ್ನು ಆ ಇಬ್ಬರು. ಅವರು ಈಗಾಗಲೇ ಹಗ್ಗ ಎಳೆಯುತ್ತಿದ್ದಾರೆ, ಯಾರೂ ಓಡಿ ಬಂದಿಲ್ಲ ಅಷ್ಟೇ. "ಯಾವುದು ಇದ್ದರೆ ಆಗುತ್ತಿತ್ತು?" ಅಂತ ಕೇಳಿ ನೋಡು. ನನ್ನ ಅನುಭವದಲ್ಲಿ ಉತ್ತರ ಬಹಳ ಸಣ್ಣದಿರುತ್ತದೆ. ಒಂದು ಪರ್ಮಿಷನ್, ಇನ್ನೊಂದು ಟೀಮಿನಿಂದ ಬರಬೇಕಾದ ಫೈಲು, ಎರಡು ದಿನ ಜಾಸ್ತಿ. ಅದನ್ನು ತಂದುಕೊಡುವುದು ಲೀಡ್‌ನ ಕೆಲಸ. ನಿಜವಾಗಲೂ ಆಗದ ಕೆಲಸವಾದರೆ ಮೇಲೆ ಹೋಗಿ ಆಗಲ್ಲ ಅಂತ ನೀನೇ ಹೇಳಬೇಕಾಗುತ್ತದೆ. ಟೀಮು ಅದನ್ನು ಗಮನಿಸುತ್ತಿರುತ್ತದೆ.

ಮುಂದಿನ ಸೋಮವಾರದ ಮೀಟಿಂಗಿನಲ್ಲಿ ಮೊದಲ ಮಾತು ಆ ಇಬ್ಬರಿಗೇ ಬಿಡು, ಮಧ್ಯೆ ಬಾಯಿ ಹಾಕಬೇಡ. ಅವರು ಏನು ಕೇಳಿದರು ಅಂತ ನನಗೆ ಬರೆ. ಯಾವುದಾದರೂ ಒಂದು ಶನಿವಾರ ಮನೆಗೂ ಬಾ, ಕೂತು ಮಾತಾಡೋಣ.