ಸಂಘ, ಆಸ್ಪತ್ರೆ, ಶಾಲೆ ಮೂರಕ್ಕೂ ಒಂದೇ ಡಿಜಿಟಲ್ ಐಡಿ ಮಾಡೋದು ಹೇಗೆ?

ಅಡಿಕೆ ಬೆಳೆಗಾರರ ಸಂಘ, ಒಂದು ಸಣ್ಣ ಆಸ್ಪತ್ರೆ, ಒಂದು ಶಾಲೆ. ಮೂರು ಕಡೆಯೂ ಒಬ್ಬರನ್ನು ಒಂದೇ ನಂಬರಿನಿಂದ ಗುರುತಿಸಬೇಕು, ಅದು ಆಧಾರ್ ಇರಲಾ ಮೊಬೈಲ್ ಇರಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಒಂದೇ ನಂಬರ್ ಅನ್ನೋ ಆಸೆಯನ್ನೇ ಮೊದಲು ಬಿಡಿ.

ತೀರ್ಥಹಳ್ಳಿ ಕಡೆ ಒಂದು ಸಂಘಕ್ಕೂ ಅದರ ಜೊತೆಗಿದ್ದ ಆಸ್ಪತ್ರೆಗೂ ನಾವು ಇದೇ ಕೆಲಸ ಮಾಡಿದ್ದೆವು. ಹೆಸರು ಹಿಡಿದು ಹೊಂದಿಸೋಣ ಅಂದರೆ ಆಗಲಿಲ್ಲ. ಪಹಣಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಆಸ್ಪತ್ರೆ ಚೀಟಿಯಲ್ಲಿ ಇನಿಷಿಯಲ್ಲೇ ಇಲ್ಲ. ಎಷ್ಟೋ ಜಮೀನು ಪೌತಿ ಖಾತೆ ಆಗದೆ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇತ್ತು. ಮೊಬೈಲ್ ನಂಬರ್ ಮಾತ್ರ ಎರಡೂ ಕಡೆ ಇತ್ತು, ಹತ್ತು ಅಂಕಿ, ಕಾಗುಣಿತದ ತಕರಾರಿಲ್ಲ. ಅದನ್ನೇ ಕೀ (ದಾಖಲೆ ಹೊಂದಿಸುವ ಗುರುತು) ಮಾಡಿ ಎರಡು ಡೇಟಾಬೇಸನ್ನೂ ಸೇರಿಸಿಬಿಟ್ಟೆವು.

ಆಮೇಲೆ ಒಂದು ದಿನ ಕೌಂಟರ್‌ನಲ್ಲಿದ್ದ ನರ್ಸ್ ಪರದೆ ನೋಡಿ, ಮೂವತ್ತರ ಆಸುಪಾಸಿನ ಹೆಣ್ಣುಮಗಳಿಗೆ ಕಣ್ಣಿನ ಪೊರೆ ಆಪರೇಷನ್ ಯಾವಾಗ ಆಯ್ತು ಅಂತ ಕೇಳಿದರು. ಆಪರೇಷನ್ ಆಗಿದ್ದು ಅವಳ ಅತ್ತೆಗೆ. ಸಕ್ಕರೆ ಕಾಯಿಲೆ ಮಾತ್ರೆ, ಪೆನ್ಸಿಲಿನ್ ಅಲರ್ಜಿ, ಎಲ್ಲ ಅತ್ತೆಯದ್ದು. ಅವರ ಮನೆ ತಗ್ಗಿನಲ್ಲಿದೆ, ಟವರ್ ಸಿಗೋದು ಮೇಲಿನ ಕಣದ ಹತ್ತಿರ ಮಾತ್ರ, ಹಾಗಾಗಿ ಅತ್ತೆ, ಸೊಸೆ, ಮಗ ಮೂವರೂ ಎಲ್ಲಿ ಹೋದರೂ ಮಗನ ನಂಬರ್ ಕೊಡುತ್ತಿದ್ದರು. ನಮ್ಮ ಪ್ರೋಗ್ರಾಂ ಮೂವರನ್ನೂ ಒಬ್ಬರೇ ಅಂದುಕೊಂಡಿತು. ಕೊನೆಗೆ ಬಂದವರ ಹೆಸರು ಉಳಿಸು ಅಂತ ನಿಯಮ ಬರೆದಿದ್ದೆವು, ಸೊಸೆ ಹೆಸರು ಉಳಿಯಿತು.

ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಕೇಳಿದವರೆಲ್ಲ ತಪ್ಪು ಜಾಗದಲ್ಲಿ ಬೆರಳಿಡುತ್ತಾರೆ. ಒಂದೇ ನಂಬರನ್ನು ಮೂವರು ಕೊಟ್ಟಿದ್ದು ದೊಡ್ಡ ತಪ್ಪಲ್ಲ, ಮಲೆನಾಡಿನಲ್ಲಿ ಅದು ಮಾಮೂಲಿ. ನಾವು ಮಾಡಿದ ತಪ್ಪು, ಹೊಂದಿಸೋದನ್ನೂ ಬೆರೆಸೋದನ್ನೂ ಒಂದೇ ಅಂದುಕೊಂಡಿದ್ದು. ಈ ಎರಡು ದಾಖಲೆ ಒಬ್ಬರದ್ದೇ ಇರಬಹುದು ಅನ್ನೋದು ಒಂದು ಊಹೆ. ನಾವು ಊಹೆಯನ್ನು ನಿಜ ಅಂತ ಮಾಡಿ, ಹಳೆಯ ಸಾಲುಗಳನ್ನು ಅಳಿಸಿ, ಹೊಸದೊಂದು ಸಾಲು ಬರೆದೆವು. ಯಾವ ವಿವರ ಸಂಘದಿಂದ ಬಂತು, ಯಾವುದು ಆಸ್ಪತ್ರೆಯಿಂದ ಬಂತು ಅನ್ನೋ ಗುರುತೂ ಉಳಿಸಲಿಲ್ಲ. ಮಜ್ಜಿಗೆಗೆ ಬೆರೆಸಿದ ನೀರಿನ ಹಾಗೆ, ಮತ್ತೆ ಬೇರೆ ಮಾಡೋಕೆ ದಾರಿಯೇ ಇಲ್ಲ. ಹಳೆಯ ಓಪಿಡಿ (ಹೊರರೋಗಿ) ಪುಸ್ತಕಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೈಬರಹ ಓದಿ ಓದಿ ಒಬ್ಬೊಬ್ಬರನ್ನೇ ಬಿಡಿಸಿದೆವು. ಅಲರ್ಜಿ ವಿಷಯ ಸರಿಯಾದ ಹೆಸರಿಗೆ ಹೋಗುವವರೆಗೂ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಈಗ ಯಾರೇ ಕೇಳಿದರೂ ನಾನು ಹೇಳೋದು ಇಷ್ಟೇ. ಸಂಘದ ಸದಸ್ಯತ್ವ ನಂಬರ್ ಸಂಘದಲ್ಲಿರಲಿ, ಆಸ್ಪತ್ರೆ ನಂಬರ್ ಆಸ್ಪತ್ರೆಯಲ್ಲಿರಲಿ. ನಡುವೆ ಒಂದು ಜೋಡಣೆ ಪಟ್ಟಿ ಇಡಿ. ಯಾರು ಜೋಡಿಸಿದರು, ಯಾವತ್ತು, ಯಾವ ದಾಖಲೆ ನೋಡಿ, ಆ ವ್ಯಕ್ತಿ ಒಪ್ಪಿದ್ದಾರಾ, ಎಲ್ಲ ಅದರಲ್ಲಿ ಬರೆಯಿರಿ. ತಪ್ಪಾದರೆ ಆ ಒಂದು ಸಾಲು ತೆಗೆದರೆ ಆಯ್ತು, ಎರಡೂ ಕಡೆಯ ಮೂಲ ದಾಖಲೆ ಹಾಗೇ ಇರುತ್ತದೆ.

ಮೊಬೈಲಿಗೆ ಇನ್ನೊಂದು ತೊಂದರೆ ಇದೆ. ರೀಚಾರ್ಜ್ ಇಲ್ಲದೆ ಕನೆಕ್ಷನ್ ಕಡಿದುಹೋದ ನಂಬರನ್ನು ನಮ್ಮ ದೇಶದಲ್ಲಿ 90 ದಿನ ಆದ ಮೇಲೆ ಬೇರೆಯವರಿಗೆ ಕೊಡಬಹುದು. ನೀವು ಕಳಿಸಿದ ಓಟಿಪಿ ಯಾರೋ ಅಪರಿಚಿತರಿಗೆ ಹೋಗುತ್ತದೆ. ಸಂದೇಶ ಕಳಿಸೋಕೆ ಇಟ್ಟುಕೊಳ್ಳಿ, ಗುರುತಿಗೆ ಬೇಡ.

ಹಾಗಾದರೆ ಆಧಾರ್ ಅಂತೀರಾ? ಖಾಸಗಿಯವರು ಒಪ್ಪಂದ ಮಾಡಿಕೊಂಡು ಆಧಾರ್ ಬಳಸೋ ದಾರಿಯನ್ನು 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮುಚ್ಚಿತು. 2019ರಲ್ಲಿ ಕಾನೂನು ತಿದ್ದಿದರೂ, ಸಿಕ್ಕಸಿಕ್ಕವರೆಲ್ಲ ಆಧಾರ್ ನಂಬರ್ ತುಂಬಿಟ್ಟುಕೊಳ್ಳಿ ಅಂತ ಯಾರೂ ಹೇಳಿಲ್ಲ. ಆಧಾರ್ ಪ್ರಾಧಿಕಾರವೇ ಎಷ್ಟೋ ಸಂಸ್ಥೆಗಳಿಗೆ ನಂಬರಿನ ಬದಲು 72 ಅಕ್ಷರದ ಟೋಕನ್ (ಬದಲಿ ಗುರುತು) ಕೊಡುತ್ತದೆ, ಒಬ್ಬರದ್ದೇ ಟೋಕನ್ ಒಂದೊಂದು ಸಂಸ್ಥೆಗೆ ಒಂದೊಂದು ಥರ. ಆಸ್ಟ್ರಿಯಾದಲ್ಲೂ ಹೀಗೇ, ಆರೋಗ್ಯಕ್ಕೆ ಬೇರೆ, ತೆರಿಗೆಗೆ ಬೇರೆ ಗುರುತು, ಒಂದರಿಂದ ಇನ್ನೊಂದನ್ನು ಲೆಕ್ಕ ಹಾಕಿ ತೆಗೆಯೋಕೆ ಆಗೋದಿಲ್ಲ. ನಮ್ಮಲ್ಲೇ ನೋಡಿ, ರೈತರಿಗೆ ರಾಜ್ಯ ಸರ್ಕಾರದ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಇದೆ, ಆರೋಗ್ಯಕ್ಕೆ ಆಭಾ ಅನ್ನೋ 14 ಅಂಕಿಯ ಆರೋಗ್ಯ ಖಾತೆ ನಂಬರ್ ಇದೆ. ಬೇರೆ ಬೇರೆ ಇರೋದೇ ಒಳ್ಳೆಯದು. ಬೆಳೆ ಸಾಲ ಕೊಡುವವರಿಗೆ ಸಾಲಗಾರನ ಕಾಯಿಲೆ ಯಾಕೆ ಗೊತ್ತಾಗಬೇಕು ಹೇಳಿ?

ಮೊದಲ ಸಲ ಗುರುತು ನೋಡೋಕೆ ಆಧಾರ್ ಕಾರ್ಡಿನ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಸಾಕು. ಅದಕ್ಕೆ ನಕಲಿ ಅಲ್ಲ ಅಂತ ತೋರಿಸುವ ಪ್ರಾಧಿಕಾರದ ಡಿಜಿಟಲ್ ಸಹಿ ಇರುತ್ತದೆ, ಇಂಟರ್ನೆಟ್ ಬೇಡ, ಮಳೆಗಾಲದಲ್ಲಿ ಇದರ ಬೆಲೆ ನಿಮಗೇ ಗೊತ್ತಾಗುತ್ತದೆ. ಬರೀ ಹೆಬ್ಬೆಟ್ಟನ್ನು ಮಾತ್ರ ನಂಬಬೇಡಿ. ಕೊನೆಕೊಯ್ಲಿನ ಸಮಯದಲ್ಲಿ ಅಡಿಕೆ ಸುಲಿಯುವವರ ಕೈ ನೋಡಿದ್ದೀರಲ್ವಾ? ಮೆಟ್ಟುಗತ್ತಿ ಮುಂದೆ ಕೂತು ಕೂತು ಬೆರಳ ತುದಿ ಸವೆದಿರುತ್ತದೆ, ಚೊಗರು ಹತ್ತಿ ಕಪ್ಪಾಗಿರುತ್ತದೆ, ಯಂತ್ರ ಮತ್ತೆ ಮತ್ತೆ ಕೆಂಪು ದೀಪ ತೋರಿಸುತ್ತದೆ. ಆಗ ಅವರನ್ನು ವಾಪಸ್ ಕಳಿಸೋದು ಅನ್ಯಾಯ. ಮುಖ ಗೊತ್ತಿರುವ ಸಿಬ್ಬಂದಿ ಸಹಿ ಹಾಕಿ ಮುಂದುವರಿಸುವ ಅವಕಾಶ ಸಾಫ್ಟ್‌ವೇರ್‌ನಲ್ಲೇ ಇರಬೇಕು, ಆ ಸಹಿ ಯಾರದ್ದು ಅಂತ ದಾಖಲಾಗಲೂಬೇಕು.

ಸಿಬ್ಬಂದಿ ಲಾಗಿನ್ ಮೂರು ಕಡೆಗೂ ಒಂದೇ ಬೇಕಿದ್ದರೆ ಓಪನ್‌ಐಡಿ ಕನೆಕ್ಟ್ ಅನ್ನೋ, ಒಂದೇ ಲಾಗಿನ್‌ನಿಂದ ಹಲವು ಕಡೆ ಒಳಹೋಗುವ ಸಿದ್ಧ ಮಾನದಂಡ ಬಳಸಿ, ಸ್ವಂತದ್ದು ಬರೆಯೋಕೆ ಹೋಗಬೇಡಿ. ದಾಖಲೆಯ ಪ್ರತಿಯನ್ನು ಹಲವು ಕಂಪ್ಯೂಟರ್‌ಗಳಲ್ಲಿ ಹಂಚಿಡುವ ಬ್ಲಾಕ್‌ಚೈನ್ ನಿಮಗೆ ಬೇಕಾಗಿಲ್ಲ.

ಕೋಡ್ ಬರೆಯೋಕೆ ಮುಂಚೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಜವಾಗಿ ಹೋಗಬೇಕಾದ ಮಾಹಿತಿ ಯಾವುದು ಅಂತ ಬರೆದುಕೊಳ್ಳಿ. ನಾವು ಬರೆದಾಗ ಉಳಿದದ್ದು ಒಂದೇ ಪ್ರಶ್ನೆ: ಇವರು ಸದಸ್ಯರಾ, ಬಿಲ್ಲಿನಲ್ಲಿ ರಿಯಾಯಿತಿ ಕೊಡಬಹುದಾ? ಅದಕ್ಕೆ ಸಂಘದಿಂದ ಹೌದು ಅಥವಾ ಇಲ್ಲ ಅನ್ನೋ ಉತ್ತರ ಬಂದರೆ ಮುಗಿಯಿತು. ಹೆಸರು, ವಿಳಾಸ, ಸಾಲದ ಲೆಕ್ಕ ಏನೂ ದಾಟಬೇಕಾಗಿಲ್ಲ.

ಶಾಲೆಯನ್ನು ಈಗಲೇ ಸೇರಿಸಬೇಡಿ. 2023ರ ಡೇಟಾ ಸಂರಕ್ಷಣಾ ಕಾಯ್ದೆ ಪ್ರಕಾರ 18 ವರ್ಷದೊಳಗಿನವರ ಮಾಹಿತಿಗೆ ಅಪ್ಪ ಅಮ್ಮ ಅಥವಾ ಪೋಷಕರ ಒಪ್ಪಿಗೆ ಬೇಕು, ಅದೂ ಪರಿಶೀಲಿಸಬಹುದಾದ ಒಪ್ಪಿಗೆ. ಶಾಲೆಗೆ ಸೇರಿಸುವಾಗ ಮಾಡಿಸಿಕೊಂಡ ಒಂದು ಸಹಿಯನ್ನೇ ಎಲ್ಲದಕ್ಕೂ ಬಳಸಿದರೆ ಆಗೋದಿಲ್ಲ.