ನಮ್ಮದೇ ಡಿಎನ್‌ಎ ಕಂಡು ರಕ್ಷಣಾ ವ್ಯವಸ್ಥೆ ಯಾಕೆ ರೇಗುವುದಿಲ್ಲ?

ವೈರಸ್‌ನ ಡಿಎನ್‌ಎ ಪತ್ತೆಹಚ್ಚುವ ಸಿಗ್ಯಾಸ್ ಎಂಬ ಪ್ರೋಟೀನು ನಮ್ಮ ಡಿಎನ್‌ಎಯನ್ನು ಹೇಗೆ ಬಿಟ್ಟುಬಿಡುತ್ತದೆ ಅಂತ ಕೇಳಿದ್ದೀರಿ. ನಿಜ ಹೇಳಬೇಕೆಂದರೆ, ಅದು ಡಿಎನ್‌ಎಯ ಅಕ್ಷರ ಓದುವುದೇ ಇಲ್ಲ. ಎರಡೆಳೆಯ ಡಿಎನ್‌ಎ ಸಿಕ್ಕರೆ ಸಾಕು, ಯಾರದಾದರೂ ಸರಿ, ಅಂಟಿಕೊಂಡು ರಕ್ಷಣಾ ವ್ಯವಸ್ಥೆಗೆ ಎಚ್ಚರಿಕೆ ಕೊಡುತ್ತದೆ.

ಹಾಗಾಗಿ ಡಿಎನ್‌ಎ ಎಲ್ಲಿದೆ ಅನ್ನೋದು ಮುಖ್ಯ. ನಮ್ಮದು ಇರಬೇಕಾದ್ದು ಕೋಶಕೇಂದ್ರದಲ್ಲಿ, ಸ್ವಲ್ಪ ಮೈಟೊಕಾಂಡ್ರಿಯಾದಲ್ಲಿ. ಹೊರಗೆ ಕೋಶರಸದಲ್ಲಿ ತುಣುಕು ಬಿದ್ದರೆ ಟ್ರೆಕ್ಸ್1 ಎಂಬ ಕಿಣ್ವ ಅದನ್ನು ತುದಿಯಿಂದ ಕಡಿಯುತ್ತಾ ಹೋಗುತ್ತದೆ. ಈ ಕಿಣ್ವ ಕೆಲಸ ಮಾಡದ ಮಕ್ಕಳಿಗೆ ಐಕಾರ್ಡಿ-ಗೂಟಿಯೇರ್ ಎಂಬ ಕಾಯಿಲೆ ಬರುತ್ತದೆ. ಯಾವ ಸೋಂಕೂ ಇಲ್ಲದೆ ಪುಟ್ಟ ಮಿದುಳಿನಲ್ಲಿ ಉರಿಯೂತ. ಓದುವಾಗಲೇ ಸಂಕಟವಾಗುತ್ತದೆ.

ಆದರೆ ಸಿಗ್ಯಾಸ್ ಕೋಶಕೇಂದ್ರದ ಒಳಗೂ ಇರುತ್ತದೆ! ಅಲ್ಲಿ ಸುಮ್ನೆ ಇರೋದು ಹೇಗೆ? ಉತ್ತರ ಸಿಕ್ಕಿದ್ದು 2020ರಲ್ಲಿ. ನಮ್ಮ ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ನೂಲಿನ ಉಂಡೆಯಂತೆ ಸುತ್ತಿಕೊಂಡಿರುತ್ತದೆ, ಅಲ್ವಾ? ಆ ಉಂಡೆಯ ಮೇಲೆ ಋಣ ವಿದ್ಯುದಂಶದ ಒಂದು ಜಾಗವಿದೆ. ಸಿಗ್ಯಾಸ್ ಅಲ್ಲಿಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಆಗ ಡಿಎನ್‌ಎ ಹಿಡಿಯಬೇಕಾದ ಅದರ ಮೈ ಮುಚ್ಚಿಹೋಗುತ್ತದೆ. ಇನ್ನೊಂದು ಸಿಗ್ಯಾಸ್ ಜೊತೆ ಜೋಡಿಯಾಗಲೂ ಆಗುವುದಿಲ್ಲ. ಜೋಡಿಯಾಗದೆ ಅದು ಎಚ್ಚರಿಕೆ ಕೊಡುವುದಿಲ್ಲ. ಕೋಶರಸಕ್ಕೆ ಬೀಳುವ ವೈರಸ್ ಡಿಎನ್‌ಎ ಸಾಮಾನ್ಯವಾಗಿ ಬರಿಮೈಯಲ್ಲಿರುತ್ತದೆ, ತಡೆಯಲು ಹಿಸ್ಟೋನ್ ಇಲ್ಲ.