ಟೈರು ಬದಲಿಸುವ ಮೊದಲು

ಪ್ರಶ್ನೆ: ಹತ್ತು ವರ್ಷ ಸ್ಪ್ಲೆಂಡರ್ ಓಡಿಸಿದವನು ನಾನು. ಈಗ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ತೆಗೆದುಕೊಂಡಿದ್ದೇನೆ. ಆಗುಂಬೆ ಘಾಟಿ ಇಳಿಯುವಾಗ ಎಡ ತಿರುವುಗಳಲ್ಲಿ ಬೈಕು ಎದುರು ಬದಿಗೆ ಹೋಗುತ್ತದೆ. ದಪ್ಪ ಟೈರು ಹಾಕಿಸಿ ಅಂತಾರೆ ಮೆಕ್ಯಾನಿಕ್. ಹಾಕಿಸಲೇ?
– ಒಬ್ಬ ಓದುಗ, ತೀರ್ಥಹಳ್ಳಿ

ಉತ್ತರ: ಬೈಕಿನ ಬಗ್ಗೆ ನಮಗೆ ಬರುವ ಕಾಗದಗಳಲ್ಲಿ ಮೈಲೇಜು, ಸೈಲೆನ್ಸರ್ ಬಿಟ್ಟು ಬೇರೆ ಮಾತೇ ಇರುವುದಿಲ್ಲ. ನೀವು ತಿರುವಿನ ಬಗ್ಗೆ ಕೇಳಿದ್ದೀರಿ. ತುಂಬಾ ಖುಷಿಯಾಯಿತು.

ಮೆಕ್ಯಾನಿಕ್ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಟೈರು ಸವೆದಿದ್ದರೆ, ಗಾಳಿ ಕಡಿಮೆಯಿದ್ದರೆ ಬೈಕು ಮಾತು ಕೇಳುವುದಿಲ್ಲ. ಒಮ್ಮೆ ನೋಡಿಸಿ. ಆದರೆ ದಪ್ಪ ಟೈರು ಬೇಡ. ಅದೇ ತಿರುವಿಗೆ ಇನ್ನೂ ಜಾಸ್ತಿ ವಾಲಬೇಕಾಗುತ್ತದೆ, ಅಷ್ಟೇ.

ಸ್ಪ್ಲೆಂಡರ್ ಸುಮಾರು 112 ಕೆ.ಜಿ. ಕ್ಲಾಸಿಕ್ 195. ಚಕ್ರಗಳ ನಡುವಿನ ಅಂತರವೂ 15 ಸೆಂ.ಮೀ. ಜಾಸ್ತಿ. ಹಳೇ ಬೈಕಿನಲ್ಲಿ ತಿರುವಿನ ಒಳಗೆ ಬಂದ ಮೇಲೆ ಬ್ರೇಕ್ ತುಳಿದರೂ ಹೇಗೋ ಪಾರಾಗುತ್ತಿದ್ದಿರಿ. ಇದರಲ್ಲಿ ಆಗುವುದಿಲ್ಲ. ಬೈಕು ನೆಟ್ಟಗಿರುವಾಗಲೇ ಎರಡೂ ಬ್ರೇಕ್ ಹಿಡಿದು ವೇಗ ಇಳಿಸಿ. ಗೇರು ಇಳಿಸಿ, ಕ್ಲಚ್ ಪೂರ್ತಿ ಬಿಡಿ. ಈಗ ಹ್ಯಾಂಡಲ್ಲಿನ ಎಡ ಹಿಡಿಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ. ಬೈಕು ಎಡಕ್ಕೇ ವಾಲುತ್ತದೆ. ನಂಬಿಕೆ ಬರಲಿಲ್ವಾ? ಖಾಲಿ ರಸ್ತೆಯಲ್ಲಿ 40ರ ವೇಗದಲ್ಲಿ ಮಾಡಿ ನೋಡಿ. ಎದುರಿನ ತಡೆಗೋಡೆ ನೋಡಬೇಡಿ, ನೋಡಿದ ಕಡೆಗೇ ಬೈಕು ಹೋಗುತ್ತದೆ. ಕತ್ತು ತಿರುಗಿಸಿ ತಿರುವು ಮುಗಿಯುವ ಜಾಗ ನೋಡಿ. ವಾಲಿದ ಮೇಲೆ ಗಾಬರಿಯಾಗಿ ಮುಂದಿನ ಬ್ರೇಕ್ ಹಿಡಿದರೆ ಬೈಕು ನೆಟ್ಟಗಾಗಿ, ಹತ್ತಿ ಬರುವ ಬಸ್ಸಿಗೆ ಅಡ್ಡ ಹೋಗುತ್ತದೆ.

ಇದನ್ನೆಲ್ಲ ಬೈಕ್ ಕೊಟ್ಟವರು ಹೇಳಬೇಕಿತ್ತು ಅಲ್ವಾ? ಹಾರ ಹಾಕುತ್ತಾರೆ, ನಿಂಬೆಹಣ್ಣು ಇಡುತ್ತಾರೆ, ಕೀ ಕೈಗಿಟ್ಟು ಫೋಟೋ ತೆಗೆಯುತ್ತಾರೆ. ತಿರುವಿನ ಮಾತು ಯಾರೂ ಎತ್ತುವುದಿಲ್ಲ. ಅಮೆರಿಕದ ಸಂಶೋಧಕ ಹ್ಯಾರಿ ಹರ್ಟ್ ಅವರ ತಂಡ ಲಾಸ್ ಏಂಜಲೀಸ್‌ನಲ್ಲಿ 900 ಬೈಕ್ ಅಪಘಾತಗಳ ಸ್ಥಳಕ್ಕೇ ಹೋಗಿ ಪರೀಕ್ಷೆ ಮಾಡಿತು. 1981ರ ಆ ವರದಿಯಲ್ಲಿ ಸವಾರರಲ್ಲಿ ಶೇ. 92 ಮಂದಿ ತಾವೇ ಕಲಿತವರು, ಇಲ್ಲವೇ ಮನೆಯವರು, ಗೆಳೆಯರಿಂದ ಕಲಿತವರು. ಬೇರೆ ಗಾಡಿ ತಾಗದೆ ಆದ ಅಪಘಾತಗಳಲ್ಲಿ ಮೂರರಲ್ಲಿ ಎರಡು ಪಾಲು ಸವಾರನದೇ ತಪ್ಪು. ಹೆಚ್ಚಿನವು ವಿಪರೀತ ಬ್ರೇಕ್ ಹಾಕಿ ಜಾರಿದ್ದು, ಇಲ್ಲವೇ ನಿಮ್ಮ ಹಾಗೆ ತಿರುವಿನಲ್ಲಿ ಹೊರಗೆ ಹೋಗಿದ್ದು.

ಯುರೋಪಿನಲ್ಲಿ ಲೈಸೆನ್ಸಿಗೆ ಮೆಟ್ಟಿಲುಗಳಿವೆ. ಮೊದಲು 125 ಸಿಸಿ, ಆಮೇಲೆ ಎಂಜಿನ್ ಶಕ್ತಿ 35 ಕಿಲೋವ್ಯಾಟ್ ತನಕ ಇರುವುದು, ಆಮೇಲೆ ದೊಡ್ಡದು. ನಮ್ಮಲ್ಲಿ ನೂರು ಸಿಸಿಯಲ್ಲಿ ಎಂಟು ಹಾಕಿ ತೋರಿಸಿದ ಹುಡುಗ ಮರುದಿನವೇ 650 ಸಿಸಿ ಹತ್ತಬಹುದು. ಎರಡು ಲಕ್ಷ ಕೊಟ್ಟು ಬೈಕ್ ತರುವ ಮನೆಯಲ್ಲೇ 'ಓಡಿಸೋದು ಕಲಿಯಲು ದುಡ್ಡು ಯಾಕೆ?' ಅಂತಾರೆ. ಈ ಮಾತು ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಮಗನಿಗೆ ಹದಿನೆಂಟು ತುಂಬುತ್ತಿದೆ, ಕ್ಲಾಸಿಕ್ ಅವನ ಕೈಗೆ ಕೊಡಲೇ ಎಂದೂ ಬರೆದಿದ್ದೀರಿ. ಈಗಲೇ ಬೇಡ. ಸ್ಪ್ಲೆಂಡರ್ ಮಾರಬೇಡಿ. ಒಂದು ಮಳೆಗಾಲ ಅದರಲ್ಲೇ ಓಡಿಸಲಿ.
– ಸಂ.